ಫ್ರೆಡ್ರಿಕ್‌ಗೆ ಸನ್ಮಾನ

ಫ್ರೆಡ್ರಿಕ್ ಮಿನೇಜಸ್‌ನ ಎಲೆಕ್ಟ್ರಿಕ್ ಗಿಟಾರ್ ಆಸ್ಟ್ರೇಲಿಯಾದ್ದು. ಗಲ್ಫಿನ ಮೀನಾ ಅಬ್ದುಲ್ಲಾ ತೈಲ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಮುಗಿಸಿ ಹೊರಟ ಒಬ್ಬ ಇಂಜಿನಿಯರ್ 1994ರಲ್ಲಿ ಅವನಿಗೆ ಕೊಟ್ಟು ಹೋದದ್ದು. "ಊರಲ್ಲಿ ರಾಕ್ ಬ್ಯಾಂಡ್‌ನಲ್ಲಿದ್ದೆ, ಯಾರೂ ಕೇಳಲಿಲ್ಲ, ನೀನಾದರೂ ಬಾರಿಸು" ಎಂದನಂತೆ. ಆ ದುರದೃಷ್ಟವೂ ಗಿಟಾರಿನ ಜೊತೆಗೇ ಬಂತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ವಾರವಿಡೀ ಫ್ರೆಡ್ರಿಕ್ ಅಲ್ಲೇ ಸ್ಟೋರ್‌ಕೀಪರ್. ಶುಕ್ರವಾರ ಬಂತೆಂದರೆ ನಮ್ಮ ಕರಾವಳಿಯವರ ಯಾವುದಾದರೂ ಕಾರ್ಯಕ್ರಮದಲ್ಲಿ ಹಾಡುವವರ ಹಿಂದೆ ನಿಂತಿರುತ್ತಿದ್ದ. ಅವರ ಶ್ರುತಿ ತಪ್ಪಿದರೆ ಇವನೇ ಮೆಲ್ಲಗೆ ಸರಿದೂಗಿಸಬೇಕು, ಚಪ್ಪಾಳೆ ಅವರಿಗೆ. ಸ್ವಲ್ಪ ರಾಕ್ ಶುರುಮಾಡಿದರೆ ಸಾಕು, ಮುಂದಿನ ಸಾಲಿನಿಂದ "ಸೌಂಡ್ ಕಮ್ಮಿ ಮಾಡಿ ಮಾರಾಯ್ರೆ" ಎಂಬ ಕೂಗು. ನಮ್ಮವರ ಕಿವಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟಿದೆ.

ಮನೆಯಿದ್ದ ಫರ್ವಾನಿಯಾದಿಂದ ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುವಾಗ ಟಿಫಿನ್ ಡಬ್ಬಿಯ ಮೇಲೆ ಬೆರಳಾಡಿಸುತ್ತಾ ಅವನು ಸ್ವಂತದ್ದೊಂದು ಟ್ಯೂನ್ ಮಾಡಿದ್ದ. ಹಾಡಿಲ್ಲ, ಬರೀ ಗಿಟಾರ್, ಎಂಟು ನಿಮಿಷ. ಹದಿನೇಳು ವರ್ಷದಲ್ಲಿ ಅದಕ್ಕೆ ಒಂದು ಸಲವೂ ವೇದಿಕೆ ಸಿಗಲಿಲ್ಲ. 2011ರಲ್ಲಿ ಬೆರಳ ಗಂಟುಗಳು ಊದಿಕೊಂಡವು. ಇನ್ನು ಕೆಲವೇ ವಾರ ಬಾರಿಸಬಹುದು ಎಂದರು ಡಾಕ್ಟರು. ಕೆಲಸ ಬಿಟ್ಟು ಊರಿಗೆ ಹೊರಡಲು ಟಿಕೆಟೂ ಆಯಿತು. ಅವನ ಹೆಂಡತಿ ಮೇಬಲ್ ನನಗೆ ಫೋನ್ ಮಾಡಿದಳು: "ಸುಕುಮಾರಣ್ಣ, ನೀವು ಸಂಘದ ಸೆಕ್ರೆಟರಿ ಅಲ್ವಾ? ಹೋಗುವ ಮೊದಲು ಒಂದು ಸಲ ಅದನ್ನು ಬಾರಿಸ್ಲಿಕ್ಕೆ ಬಿಡಿ."

ನಾನು ಒಂದು ಹೆಜ್ಜೆ ಮುಂದೆ ಹೋಗಿ ಸನ್ಮಾನವನ್ನೇ ಇಟ್ಟುಬಿಟ್ಟೆ. ಸನ್ಮಾನ ಮುಗಿದ ಮೇಲೆ ಟ್ಯೂನ್. ಶುಕ್ರವಾರದ ಕಾರ್ಯಕ್ರಮ, ಎರಡು ಗಂಟೆಗೆ ಹಾಲ್ ಬಿಡಬೇಕು, ಮರುದಿನ ಅವನ ವಿಮಾನ. ನಮ್ಮಲ್ಲಿ ಸನ್ಮಾನವೆಂದರೆ ಗೊತ್ತಲ್ಲ: ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಐದು ಜನ ಮಾತಾಡಿದರು, ಅದರಲ್ಲಿ ಮೂವರು ತಮ್ಮ ಬಗ್ಗೆಯೇ. ಕೊನೆಗೆ ನಾನು ಬರೆದ ಮಾನಪತ್ರವನ್ನು ನಾನೇ ಓದಿದೆ, ನಿಧಾನವಾಗಿ. ಅವನ ಟ್ಯೂನನ್ನು 'ಅನುಪಮ' ಎಂದಿದ್ದೆ. ಓದಿ ತಲೆಯೆತ್ತಿದರೆ ಎರಡು ಗಂಟೆ. ಹಾಲ್‌ನವನು "ಖಲಾಸ್, ಖಲಾಸ್" ಎನ್ನುತ್ತಾ ಮೈನ್ ಸ್ವಿಚ್ಚನ್ನೇ ಆರಿಸಿದ. ಜನ ಬಿರಿಯಾನಿಯ ಕ್ಯೂಗೆ ಎದ್ದರು.

ಫ್ರೆಡ್ರಿಕ್ ಪೇಟದಲ್ಲೇ ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಒಂದೆರಡು ಸಲ ತಂತಿ ಮೀಟಿದ. ಕರೆಂಟಿಲ್ಲದ ಆ ಗಿಟಾರಿನ ಸದ್ದು ಕುರ್ಚಿ ಎಳೆಯುವ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಚಂದ ಬರೆದಿದ್ದೀ ಮಾರಾಯ" ಎಂದ. ಸಿಟ್ಟಿರಲಿಲ್ಲ, ಸುಸ್ತಾಗಿದ್ದ. "ಆ ಟ್ಯೂನ್ ನೀನು ಯಾವಾಗ ಕೇಳಿದ್ದು?"

ನಾನು ಕೇಳಿರಲೇ ಇಲ್ಲ. ಹಾಗೆಂದು ಹೇಳಿದೆ.

ಅವನು ಶಾಲು ತೆಗೆದು ಗಿಟಾರಿಗೆ ಹೊದಿಸಿ ಪೆಟ್ಟಿಗೆ ಮುಚ್ಚಿದ. "ಬಾ, ಬಿರಿಯಾನಿ ಖಾಲಿಯಾಗ್ತದೆ."