ಕರ್ಪೂರದ ಗಾಡಿ

“ಅವರಂಥ ನಿಷ್ಕಪಟಿ ಇನ್ನೊಬ್ಬರಿಲ್ಲ. ಅಷ್ಟು ದೊಡ್ಡ ಗಾಡಿಯನ್ನು ಒಂದು ಮಾತೂ ಮುಚ್ಚಿಡದೆ, ಕಣ್ಣುಮುಚ್ಚಿ ಕೊಟ್ಟುಬಿಟ್ಟರು. ಕೊಂಡವರೂ ಹಾಗೆಯೇ, ಒಂದು ಪ್ರಶ್ನೆ ಕೇಳದೆ ಕೊಂಡರು.”

ಕಳೆದ ತಿಂಗಳು ನಾವು ನೆಲೆಸಿದ ಈ ಪರದೇಶದ ಊರು ಲಿನ್‌ವುಡ್‌ನ ಸಭಾಂಗಣವೊಂದರಲ್ಲಿ, ತೀರಿಕೊಂಡ ಗಾಡಿ ಮಾಲೀಕರ ಭಾವಚಿತ್ರದ ಮುಂದೆ ಕರ್ಪೂರ ಹಚ್ಚಿದ ಮೇಲೆ ಯಾರೋ ಈ ಮಾತನ್ನು ಆಡಿದರು. ಕುಳಿತವರೆಲ್ಲ ತಲೆದೂಗಿದರು. ಊಟದ ಸಾಲಿನಲ್ಲಿ ಅದೇ ಮಾತು ಮತ್ತೆ ಕೆಲವು ಬಾಯಿಗಳಿಂದ ಕೇಳಿಬಂತು. ಬಾಯಿಂದ ಬಾಯಿಗೆ ಗಾಡಿ ಇನ್ನಷ್ಟು ಹೊಸದಾಗುತ್ತ ಹೋಯಿತು. ಆ ಗಾಡಿಯನ್ನು ಕೊಂಡವನು ನಾನು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ರೂಢಿಯನ್ನು ನಾನು ಬಲ್ಲೆ. ಆದರೆ ಆ ಕರ್ಪೂರದ ವಾಸನೆ ಮೂಗಿಗೆ ಬಡಿದ ಕ್ಷಣದಲ್ಲಿ ನನಗೆ ನೆನಪಾದ ಮನುಷ್ಯ ಬೇರೆ, ಅಲ್ಲಿ ಹೊಗಳಿಸಿಕೊಳ್ಳುತ್ತಿದ್ದ ಮನುಷ್ಯ ಬೇರೆ…

ನಮ್ಮ ಮನೆಯಲ್ಲಿ ಅವರನ್ನು ನಾವು ‘ಗಾಡಿಯವರು’ ಎಂದೇ ಕರೆಯುತ್ತಿದ್ದೆವು. ಮೈಸೂರಿನ ಕಡೆಯವರು, ಕೆಲಸದಿಂದ ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು ಪಕ್ಕದ ಕಡಲತಡಿಯ ಊರು ಮುಕಿಲ್ಟಿಯೊದ ಇಳಿಜಾರಿನ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಧಾರವಾಡದ ಕಡೆಯವನು, ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ವಿಮಾನದ ಬಿಡಿಭಾಗಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದೆ. ಉಳಿದದ್ದನ್ನೆಲ್ಲ ಗ್ರಂಥಾಲಯದ ಪುಸ್ತಕಗಳಿಂದ ಕಲಿತೆ. ಆ ಪುಸ್ತಕಗಳನ್ನೂ ಒಂದರ ಎದುರು ಇನ್ನೊಂದನ್ನು ನಿಲ್ಲಿಸಿ ವಿಚಾರಿಸಿದ ಮೇಲೆಯೇ ನಂಬಿದೆ.

ನಮಗೆ ಆ ಗಾಡಿ, ಎಂದರೆ ಮನೆಯನ್ನೇ ಹೊತ್ತು ಓಡುವ ಮೋಟರ್‌ಹೋಮ್, ಏಕೆ ಬೇಕಾಯಿತೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೇಳಲು ನನ್ನ ಹೆಂಡತಿಯ ಒಪ್ಪಿಗೆ ಇದೆ. ಅವಳಿಗೆ ಮೂತ್ರಕೋಶದ ತೊಂದರೆ ಶುರುವಾಗಿತ್ತು. ಬಂತೆಂದರೆ ತಡೆಯಲಾಗದು. ಮೊದಲು ಬಸ್ಸು ಬಿಟ್ಟಳು, ಆಮೇಲೆ ರೈಲಿನಲ್ಲಿ ನಗರದವರೆಗೂ ಒಮ್ಮೆ ಹೋಗಿ, ಬೆವರುತ್ತ ಹಿಂದಿರುಗಿ, ಅದನ್ನೂ ಬಿಟ್ಟಳು. ಕೊನೆಗೆ ಹಬ್ಬದ ಊಟಗಳನ್ನೂ. ಕೇಳಿದವರಿಗೆ ಮೊಣಕಾಲು ನೋವೆಂದಳು. ವೈದ್ಯರನ್ನು ಬಿಟ್ಟರೆ ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ಒಂದು ಸಂಜೆ ಕಿಟಕಿಯ ಬಳಿ ಕುಳಿತವಳು ಅಂದಳು:

“ಈ ಗಿಡಗೋಳ ನಡುವ ಕಣ್ಣು ಕಟ್ಟಿದಂಗ ಆಗೇತಿ. ಗುಡ್ಡದ ಆಚಿಗೆ ಬರೇ ಬಯಲು ಐತಂತಲ್ಲ, ಒಮ್ಮಿ ತೋರಸ್ರಿ.”

ಹಾಸಿಗೆ, ಒಲೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಶೌಚಾಲಯವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡುವ ಗಾಡಿ ಅವಳಿಗೆ ಬೇಕಾಗಿತ್ತು. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದನ್ನು ಕೊಳ್ಳುವವನು ಎಂಜಿನ್ನಿಗಿಂತ ಚಾವಣಿಗೆ ಹೆದರಬೇಕು ಎಂಬುದನ್ನು ನಾನು ಓದಿ ತಿಳಿದಿದ್ದೆ. ಈ ಸೀಮೆಯ ಮಳೆ ಸೂಜಿಯಷ್ಟು ಸಂದಿ ಸಿಕ್ಕರೂ ಒಳಗಿನ ಮರವನ್ನು ಸದ್ದಿಲ್ಲದೆ ತಿನ್ನುತ್ತದೆ. ಒಳಗೆ ಸುವಾಸನೆ ಹೆಚ್ಚಾಗಿದ್ದರೆ ಅದು ಯಾವ ದುರ್ವಾಸನೆಯನ್ನು ಅಡಗಿಸುತ್ತಿದೆ ಎಂದು ವಿಚಾರಿಸಬೇಕು.

ಹೀಗಾಗಿ, ಮಾರಾಟದ ಸುದ್ದಿ ಕೇಳಿ ಹೋದ ದಿನ ನೀಲಿ ತಾಡಪಾಲು ಸರಿಸಿ ಗಾಡಿಯವರು ಬಾಗಿಲು ತೆರೆದಾಗ ನನ್ನ ಮುಖಕ್ಕೆ ಅಪ್ಪಳಿಸಿದ್ದು ಗುಡಿಯ ಗರ್ಭಗೃಹದ ವಾಸನೆಯಾದರೂ ನನಗೆ ಭಕ್ತಿ ಹುಟ್ಟಲಿಲ್ಲ. ಕಪಾಟುಗಳಲ್ಲಿ, ಹಾಸಿಗೆಯ ಕೆಳಗೆ, ಒಲೆಯ ಪಕ್ಕದಲ್ಲಿ, ಎಲ್ಲಿ ನೋಡಿದರೂ ಕರ್ಪೂರದ ಬಿಲ್ಲೆಗಳು.

“ದೇವರ ಗಾಡಿ ಸ್ವಾಮಿ ಇದು,” ಎಂದರು.

“ಪಾತ್ರಿ ಕಪಾಟಿನ್ಯಾಗೂ ದೇವರು ಅದಾನೇನ್ರಿ?”

“ಎಲ್ಲೆಲ್ಲೂ ಇದಾನೆ ಅಂತ ನಿಮ್ಮ ಕಡೆ ಹೇಳಲ್ವಾ?”

ಚಾಲಕನ ತಲೆಯ ಮೇಲೆ ಮಲಗಲು ಒಂದು ಅಟ್ಟವಿತ್ತು. ಗಾಡಿಯೆಲ್ಲ ಹಳದಿಗಟ್ಟಿದ್ದರೂ ಆ ಅಟ್ಟದ ಒಂದು ಮೂಲೆಗೆ ಮಾತ್ರ ಹೊಸ ಹೂವಿನ ಕಾಗದ ಅಂಟಿಸಲಾಗಿತ್ತು. ನಾನು ಹತ್ತಿ ಹೆಬ್ಬೆರಳಿನಿಂದ ಒತ್ತಿದೆ. ಗೋಡೆ ಮೆತ್ತಗೆ ಒಳಗೆ ಹೋದಂತಾಯಿತು, ಅಥವಾ ಹಾಗೆ ನನಗೆ ಅನ್ನಿಸಿತು.

“ಏನ್ ಸ್ವಾಮಿ ಒತ್ತಿ ನೋಡ್ತೀರಾ, ಮಾವಿನಹಣ್ಣಾ ಅದು?”

“ಹಣ್ಣಾಗೇತೇನೋ ಅಂತ ನೋಡಿದೆ.”

ಅವರು ನಗಲಿಲ್ಲ. ಬದಲಿಗೆ ನನ್ನನ್ನೇ ವಿಚಾರಣೆಗೆ ಎಳೆದರು. ಇಷ್ಟು ಉದ್ದದ ಗಾಡಿಯನ್ನು ಎಂದಾದರೂ ಓಡಿಸಿದ್ದೀರಾ? ಹಿಂದಕ್ಕೆ ತೆಗೆಯಲು ಬರುತ್ತದೆಯೇ? ಕೊಂಡು ಬೇರೆಯವರಿಗೆ ಲಾಭಕ್ಕೆ ಮಾರುವ ಪೈಕಿಯವರೇ? ನನ್ನನ್ನು ಗಾಡಿಯಲ್ಲಿ ಕೂರಿಸಿ ತಮ್ಮ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಸಿದರು. ಅಂಚೆಪೆಟ್ಟಿಗೆ ಸ್ವಲ್ಪದರಲ್ಲಿ ಉಳಿಯಿತು. ಕೆಳಗೆ ದಡದಲ್ಲಿ ಫೆರ್ರಿ ಹಡಗು ಕೂಗಿತು. “ನೋಡಿ, ಅದೂ ಹೆದರ್‌ಕೊಂಡ್ತು,” ಎಂದರು. ಒಂದು ಪ್ರಶ್ನೆಯನ್ನೂ ಕೇಳದೆ ನಡೆದ ವ್ಯಾಪಾರ ಇದು!

ಎರಡನೆಯ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ. ಆ ಮೂಲೆಯನ್ನು ಬಿಚ್ಚಿಸಿ ನೋಡುವ ತನಕ ಕೊಳ್ಳಬಾರದೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ತಲುಪಿದ ಕೂಡಲೇ ಅವಳು ಗಾಡಿಯ ಶೌಚಾಲಯಕ್ಕೆ ಹೋದಳು. ನಾನು ಟಾರ್ಚು ಹಿಡಿದು ಗಾಡಿಯ ಅಡಿಗೆ ನುಸುಳಿ, ತುಕ್ಕು ಎಲ್ಲೆಲ್ಲಿ ತಿಂದಿದೆಯೆಂದು ನೋಡುತ್ತಿದ್ದೆ. ಅವಳು ಹೊರಬಂದು ಮೆಟ್ಟಿಲ ಮೇಲೆ ಕುಳಿತದ್ದು, ಅವರು ಬಂದು ಎದುರು ನಿಂತದ್ದು ಕೆಳಗಿನಿಂದ ಬರೀ ಪಾದಗಳಾಗಿ ಕಂಡಿತು. ಅವಳು ಏನೋ ಹೇಳಿದಳು, ಸಣ್ಣ ದನಿಯಲ್ಲಿ. ಅವರ ಪಾದಗಳು ಬಹಳ ಹೊತ್ತು ಕದಲಲಿಲ್ಲ…

ಆಮೇಲೆ ತಲೆಯ ಮೇಲೆ ಏನೋ ಹರಿದ ಸದ್ದು. ಹೊರಬಂದು ನೋಡುತ್ತೇನೆ: ಅಟ್ಟದಲ್ಲಿ ಮೊಣಕಾಲೂರಿ ಕುಳಿತು ಸ್ಕ್ರೂಡ್ರೈವರ್‌ನಿಂದ ಅವರು ಆ ಹೂವಿನ ಕಾಗದವನ್ನು ಕಿತ್ತು ಹಾಕುತ್ತಿದ್ದಾರೆ. ಹಿಂದಿನ ಮರ ಕಪ್ಪಾಗಿತ್ತು. ನೆನೆದ ಅವಲಕ್ಕಿಯಂತೆ ಹಿಡಿ ಹಿಡಿಯಾಗಿ ಉದುರಿತು. ಕರ್ಪೂರದ ವಾಸನೆಯನ್ನು ಸೀಳಿಕೊಂಡು ಹಳೆಯ ಬಾವಿಯ ವಾಸನೆ ಹೊರಬಂತು.

“ನೋಡ್ಕೊಳ್ಳಿ ಸ್ವಾಮಿ, ಇದನ್ನೇ ತಾನೆ ಹುಡುಕ್ತಿದ್ದಿದ್ದು? ಘಾಟ್ ಹತ್ತುವಾಗ ಗಾಳಿ ಹೊಡೆದ್ರೆ ಈ ಮುಂಭಾಗ ಕಿತ್ಕೊಂಡು ಹೋಗುತ್ತೆ. ಅಮ್ಮನ್ನ ಇದರಲ್ಲಿ ಕೂರಿಸ್ಕೊಂಡು ಹೋಗ್ಬೇಡಿ. ಕೊಡಲ್ಲ. ಹೋಗಿ.”

“ಮತ್ತ ಮೊನ್ನೆ ಯಾಕ ಮುಚ್ಚಿಟ್ಟಿದ್ರಿ?”

“ನಿಮ್ಮಂಥೋರಿಗೆ ಮಾರ್ಬೇಕು ಅಂತಾನೇ ಅಂಟಿಸಿದ್ದೆ. ಅಮ್ಮನಿಗಲ್ಲ.”

ಇದು ಅವರ ಬಾಯಿಂದ ಬಂದ ಮಾತು. ಇದನ್ನು ಕೇಳಿದ ಮೇಲೂ ಅವರನ್ನು ನಿಷ್ಕಪಟಿ ಎಂದು ಕರೆಯುವವರು ಅವರನ್ನು ನೋಡಿಯೇ ಇಲ್ಲ. ನನಗಂತೂ ಆ ಕ್ಷಣದಲ್ಲಿಯೂ ಅನುಮಾನವೇ ಆಯಿತು. ಸಣ್ಣ ತೂತನ್ನು ತೋರಿಸಿ ದೊಡ್ಡ ತೂತನ್ನು ಉಳಿಸಿಕೊಳ್ಳುವ ಉಪಾಯವಿರಬಹುದೇ? ಹೋಗೋಣವೆಂದು ಹೆಂಡತಿಗೆ ಸನ್ನೆ ಮಾಡಿದೆ. ಅವಳು ಮುಂದಿನ ಸೀಟಿಗೆ ಹೋಗಿ ಕುಳಿತಿದ್ದಳು.

“ನಾ ಇಳಿಯಂಗಿಲ್ಲ,” ಎಂದಳು. “ಇಬ್ರೂ ಗಂಡಸರು ಅದೀರಿ, ಕೈ ಕಾಲು ನೆಟ್ಟಗದಾವ. ರಿಪೇರಿ ಮಾಡ್ರಿ.”

ಆ ಬೇಸಿಗೆಯೆಲ್ಲ ಮಾಡಿದೆವು. ಇಬ್ಬರು ಮಿತ್ರರಂತೆ ಅಲ್ಲ; ಗಡಿಯ ಎರಡು ಬದಿಯ ಕಾವಲುಗಾರರಂತೆ. ಅವರು ಬಿಗಿದ ಸ್ಕ್ರೂಗಳನ್ನು ಅವರು ಕಾಫಿಗೆ ಹೋದಾಗ ನಾನು ತಿರುಗಿಸಿ ನೋಡುತ್ತಿದ್ದೆ. ನಾನು ಅಳೆದ ಹಲಗೆಯನ್ನು ಅವರು ಮತ್ತೆ ಅಳೆಯುತ್ತಿದ್ದರು. ಕೊಳೆತ ಚೌಕಟ್ಟನ್ನು ಕಿತ್ತು, ಹೊಸ ಮರ ಕೂರಿಸಿ, ಚಾವಣಿಯ ಸಂದಿಗಳಿಗೆ ಅಂಟು ತುಂಬಿದ ಮೇಲೆ ನೀರಿನ ಪರೀಕ್ಷೆ. ಒಬ್ಬರು ಏಣಿ ಹತ್ತಿ ಕೊಳವೆಯಿಂದ ಮೂಲೆಗೆ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ನೋಡಬೇಕು. ನಾನು ಒಳಗಿದ್ದು, ಒಂದು ಹನಿಯೂ ಇಲ್ಲವೆಂದೆ. ಅವರು ನಂಬಲಿಲ್ಲ. ಜಾಗ ಬದಲಾಯಿಸಿದೆವು. ಒಂದು ಹನಿಯೂ ಇಲ್ಲವೆಂದು ಅವರು ಒಳಗಿನಿಂದ ಕೂಗಿದರು. ನಾನು ನಂಬಲಿಲ್ಲ. ಕೊನೆಗೆ ನನ್ನ ಹೆಂಡತಿ ಕೊಳವೆ ಹಿಡಿದು ಕೆಳಗೆ ನಿಂತಳು, ನಾವಿಬ್ಬರೂ ಅಟ್ಟದಲ್ಲಿ ಭುಜಕ್ಕೆ ಭುಜ ತಾಗಿಸಿ ಒಂದೇ ಮೂಲೆಯನ್ನು ದಿಟ್ಟಿಸುತ್ತ ಮಲಗಿದೆವು.

ಹೊಸ ಹಲಗೆಗೆ ಹೊದಿಸಲು ನಾನು ಬಟ್ಟೆ ತಂದಿದ್ದೆ. ಅವರು ಬಿಡಲಿಲ್ಲ.

“ಮುಚ್ಬೇಡಿ ಸ್ವಾಮಿ. ಮುಚ್ಚಿದ್ರೆ ಮತ್ತೆ ನಂಬಬೇಕಾಗುತ್ತೆ. ಬರೀ ಮರ ಇರ್ಲಿ. ನೀರು ಬಂದ್ರೆ ಕಲೆ ಹೇಳುತ್ತೆ.”

ಕರ್ಪೂರದ ಬಿಲ್ಲೆಗಳನ್ನೆಲ್ಲ ಆರಿಸಿ ತೆಗೆದವರೂ ಅವರೇ. ಅದಾದ ಮೇಲೆ ಗಾಡಿಯನ್ನು ಕೊಟ್ಟರು, ನಾನು ಕೊಂಡೆ.

ಸೆಪ್ಟೆಂಬರಿನಲ್ಲಿ ಘಟ್ಟ ದಾಟಿದೆವು. ಇಳಿಯುತ್ತ ಹೋದಂತೆ ಮರಗಳು ಒಂದೊಂದಾಗಿ ಹಿಂದೆ ಉಳಿದವು, ಆಮೇಲೆ ಇಲ್ಲವೇ ಆದವು. ಗೋಧಿ ಕೊಯ್ದ ಹೊಲ, ಅದರಾಚೆ ಹೊಲ, ಅದರಾಚೆ ಆಕಾಶ. ರಸ್ತೆಯ ಬದಿಗೆ ನಿಲ್ಲಿಸಿದಾಗ ಅವಳು ಇಳಿದು ಹೊಲದ ಅಂಚಿನವರೆಗೆ ನಡೆದು ನಿಂತಳು. “ನವಲಗುಂದದ ಹೊಲ ಇದ್ದಂಗ ಐತಿ,” ಎಂದವಳು, ಒಳಗೆ ಹೋಗಿ ಬಂದು, ಮತ್ತೆ ನಿಂತಳು. ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ, ಯಾರಿಗೂ ಮೊಣಕಾಲಿನ ಕಥೆ ಹೇಳಬೇಕಾಗಿರಲಿಲ್ಲ.

ಗಾಡಿ ನಮ್ಮ ಅಂಗಳಕ್ಕೆ ಬಂದ ಮೇಲೂ ಗಾಡಿಯವರ ಅನುಮಾನ ಹೋಗಲಿಲ್ಲ. ಪ್ರತಿ ವರ್ಷ ಮೊದಲ ಮಳೆಯ ಮರುದಿನ ಹೇಳದೆ ಕೇಳದೆ ಬರುತ್ತಿದ್ದರು. ನೇರವಾಗಿ ಅಟ್ಟ ಹತ್ತಿ ಆ ಬರಿ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಇಳಿದು, “ಇನ್ನೂ ಕಾಯಿನೇ ಸ್ವಾಮಿ,” ಎಂದು, ಹೆಂಡತಿ ಇಟ್ಟ ಚಹಾ ಆರುವ ಮೊದಲೇ ಹೊರಟುಬಿಡುತ್ತಿದ್ದರು…

ಸಭೆಯಿಂದ ಹಿಂದಿರುಗಿದ ಸಂಜೆ, ಇಷ್ಟು ವರ್ಷ ಕೇಳದಿದ್ದುದನ್ನು ಹೆಂಡತಿಗೆ ಕೇಳಿದೆ: ಆ ದಿನ ಮೆಟ್ಟಿಲ ಮೇಲೆ ಕುಳಿತು ನೀನು ಅವರಿಗೆ ಹೇಳಿದ್ದೇನು?

“ಗಾಡಿ ಯಾತಕ್ಕ ಬೇಕವ್ವಾ ಅಂದ್ರು. ಹೇಳಿದೆ.”

“ಮೊಣಕಾಲು ಅಂತ?”

“ಇಲ್ಲ. ಖರೇ ಹೇಳಿದೆ.”

ಸ್ವಂತ ತಂಗಿಗೂ ಹೇಳದ ಮಾತನ್ನು, ಅಂದೇ ಕಂಡ ಪರಗಂಡಸಿಗೆ ಏಕೆ ಹೇಳಿದಳೆಂದು ಅವಳು ವಿವರಿಸಲಿಲ್ಲ. ಅಷ್ಟೇ ಹೇಳಿದಳೆಂದು ನಾನು ಇಂದಿಗೂ ಪೂರ್ತಿ ನಂಬಿಲ್ಲ. ಆದರೆ ಒಬ್ಬರು ಮುಚ್ಚಿಡದೆ ಹೇಳಿದಾಗ ಇನ್ನೊಬ್ಬರ ಕೈ ಕಾಗದವನ್ನು ಕಿತ್ತದ್ದು ನಿಜ. ಆ ಸದ್ದನ್ನು ನಾನು ಕೇಳಿದ್ದೇನೆ. ಹುಟ್ಟಾ ಒಳ್ಳೆಯವರೆಂದು ಹೇಳಿ ಆ ಸದ್ದನ್ನು ಅವರಿಂದ ಕಸಿದುಕೊಳ್ಳುವುದು ನನಗೆ ಗೌರವವಾಗಿ ಕಾಣುವುದಿಲ್ಲ.

ಕಳೆದ ವಾರ ಈ ವರ್ಷದ ಮೊದಲ ಮಳೆ ಬಿತ್ತು. ಮರುದಿನ ಯಾರೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಮಧ್ಯಾಹ್ನದವರೆಗೆ ಕಾದೆ. ಹೆಂಡತಿಯೂ ಒಂದು ಲೋಟ ಹೆಚ್ಚಿಗೆ ಇಟ್ಟಿದ್ದಳು. ಆಮೇಲೆ ನಾನೇ ಅಟ್ಟ ಹತ್ತಿದೆ. ವರ್ಷ ವರ್ಷವೂ ಒಂದೇ ಕಡೆ ಒತ್ತಿದ್ದರಿಂದ ಹಲಗೆಯ ಮೇಲೆ ಹೆಬ್ಬೆರಳಿನಗಲದ ಒಂದು ಮಬ್ಬು ಗುರುತಾಗಿದೆ. ಅದರ ಮೇಲೆಯೇ ಬೆರಳಿಟ್ಟು ಒತ್ತಿದೆ. ಗಟ್ಟಿಯಾಗಿತ್ತು. ಇನ್ನೂ ಕಾಯಿಯೇ.

ಗಾಡಿ ಲಿನ್‌ವುಡ್‌ನ ನಮ್ಮ ಮನೆಯ ಮುಂದೆಯೇ ನಿಂತಿದೆ. ಸಭೆಯಲ್ಲಿ ಕೇಳಿದ ಮಾತನ್ನಾಗಲಿ, ಇಲ್ಲಿ ನಾನು ಬರೆದದ್ದನ್ನಾಗಲಿ ಯಾರೂ ಸುಮ್ಮನೆ ನಂಬಬೇಕಿಲ್ಲ. ಅಟ್ಟದ ಎಡ ಮೂಲೆಯ ಹಲಗೆಗೆ ಇಂದಿಗೂ ಏನನ್ನೂ ಹೊದಿಸಿಲ್ಲ. ಬಂದು, ಹತ್ತಿ, ಒತ್ತಿ ನೋಡಬಹುದು.