ಒದ್ದೆಯಾದರೂ ಅಳಿಸದ ಚೀಟಿ

ಪ್ರಿಂಟರಿನಿಂದ ಆಗಷ್ಟೇ ಬಂದ ಚೀಟಿಯ ಮೇಲೆ ನಾನು ಬಾಟಲಿಯ ನೀರು ಸುರಿದಾಗ ಚಿಕ್ಕಬಳ್ಳಾಪುರದ ಕಂಪ್ಯೂಟರ್ ಅಂಗಡಿಯವರು ದಂಗಾದರು. ಅಕ್ಷರವೆಲ್ಲ ಮಸಿಯಾಗಿ ಹರಿಯಿತು.

ಸಾದಲಿಯಲ್ಲಿ ನಾನು ರೇಷ್ಮೆಯ ಎಳೆ ಹುಳುಗಳನ್ನು ಸಾಕಿ ರೈತರಿಗೆ ಕೊಡುತ್ತೇನೆ. ಹುಳು ಸಾಕುವ ಕೋಣೆಯಲ್ಲಿ ಸದಾ ತೇವವಿರಬೇಕು. ಟ್ರೇಗೆ ಅಂಟಿಸಿದ ಚೀಟಿಯ ತಾರೀಖು ಅಳಿಸಿದರೆ ಬೇರೆ ಬೇರೆ ವಯಸ್ಸಿನ ಹುಳುಗಳು ಬೆರೆತು ರೈತರ ಬೆಳೆಯೇ ಕೆಡುತ್ತದೆ. ಅದಕ್ಕೇ ಟ್ಯಾಬ್ಲೆಟ್ಟು, ಪ್ರಿಂಟರು ಕೊಳ್ಳಲು ಹೋಗಿದ್ದೆ. ಅಂಗಡಿಯವರೋ ಅಷ್ಟು ಹೊತ್ತೂ ನನ್ನ ಗಂಡನಿಗೇ ಟ್ಯಾಬ್ಲೆಟ್ಟಿನ ಪೆನ್ನು, ಕೀಬೋರ್ಡು ತೋರಿಸುತ್ತಿದ್ದರು.

"ಹುಳ ಸಾಕೋಳು ಅವಳು ಸ್ವಾಮಿ, ಅವಳನ್ನೇ ಕೇಳಿ" ಎಂದರು ನಮ್ಮವರು.

"ನೆಂದ್ರೂ ಅಳಿಸಬಾರ್ದು. ಅಂಥದ್ದು ತೆಗೀರಿ" ಎಂದೆ.

ಎರಡನೆಯ ಪ್ರಿಂಟರಿನ ಚೀಟಿಯೂ ನೀರಿಗೆ ಅಳಿಸಿತು. ಮೂರನೆಯದು ಅಂಗೈಯಗಲದ ಪ್ರಿಂಟರು, ಪ್ಲಾಸ್ಟಿಕ್ ಸ್ಟಿಕ್ಕರಿನ ಮೇಲೆ ಮುದ್ರಿಸುವಂಥದ್ದು. ನೀರು ಸುರಿದು ಸೆರಗಿನಿಂದ ಉಜ್ಜಿದೆ. ಒಂದಕ್ಷರವೂ ಅಲುಗಲಿಲ್ಲ. ಅದಕ್ಕೆ ಹೊಂದುವ ಸಾದಾ ಟ್ಯಾಬ್ಲೆಟ್ಟು, ಒಂದು ರಬ್ಬರ್ ಕವರು ಸಾಕೆಂದೆ. ಪೆನ್ನು, ಕೀಬೋರ್ಡು ಷೋಕೇಸಿಗೆ ವಾಪಸಾದವು.

ಹೋದ ವಾರ ಸ್ಟಿಕ್ಕರ್ ಸುರುಳಿ ತರಲು ಮತ್ತೆ ಹೋಗಿದ್ದೆ. ಪ್ರಿಂಟರುಗಳ ಪಕ್ಕದಲ್ಲಿ ಒಂದು ಲೋಟ ನೀರಿತ್ತು. ಅಂಗಡಿಯವರು ಅದರಲ್ಲಿ ಬೆರಳದ್ದಿ, ಇನ್ನೊಬ್ಬ ಗಿರಾಕಿಯ ಮುಂದೆ ಚೀಟಿ ಉಜ್ಜಿ ತೋರಿಸುತ್ತಿದ್ದರು.