ತೆಂಗಿನ ಗರಿ ಇಲ್ಲದ ಗುಂಡಿ

ಹಳೇಬೀಡು ಬಿಟ್ಟ ಬಾಡಿಗೆ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಹಿಂದಿನ ದಿನವಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಗಾಡಿ ಕುಲುಕಿದರೆ ಹೊಲಿಗೆ ಬಿಟ್ಟೀತು ಎಂದು ಡಾಕ್ಟರು ಎಚ್ಚರಿಸಿದ್ದರಂತೆ.

ರಸ್ತೆಯ ಗುಂಡಿಗಳಲ್ಲಿ ಊರಿನವರು ಗುರುತಿಗೆ ತೆಂಗಿನ ಗರಿ ನೆಟ್ಟಿದ್ದರು. ಡ್ರೈವರ್ ನಂಜಪ್ಪ ಒಂದೊಂದೇ ಗರಿಯನ್ನು ಸುತ್ತುಹಾಕುತ್ತ ನಿಧಾನವಾಗಿ ಸಾಗಿದ.

“ಪಕ್ಕದ ರಾಜ್ಯದವರು ಹಳೇ ರಸ್ತೆಯ ತೇಪೆಗೆ ನಮಗಿಂತ ಹೆಚ್ಚು ಖರ್ಚು ಮಾಡ್ತಾರೆ. ಲೆಕ್ಕ ಓದಿದ್ದೀನಿ,” ಎಂದೆ.

“ಅಲ್ಲಿಗೂ ಬಾಡಿಗೆ ಹೋಗಿದ್ದೀನಿ ಸಾರ್. ಗುಂಡಿ ಅಲ್ಲೂ ಐತೆ, ನಿಮ್ ಲೆಕ್ಕದಾಗೆ ಕಾಣಾಕಿಲ್ಲ ಅಷ್ಟೇಯ.”

ಮಾದಿಹಳ್ಳಿ ಹತ್ತಿರ ರಸ್ತೆ ತುಂಬ ಮಳೆನೀರು ನಿಂತಿತ್ತು. ಒಂದು ಗರಿಯೂ ಇರಲಿಲ್ಲ. ಹೋದ ವರ್ಷ ಬಂದಿದ್ದೆ, ಇಲ್ಲಿ ರಸ್ತೆ ಸಪಾಟಾಗಿದೆ ಎಂದು ಧೈರ್ಯ ಹೇಳಿದೆ. ನಂಜಪ್ಪ ಗೇರ್ ಬದಲಿಸಿದ. ಅಜ್ಜಿ ನನ್ನ ಮುಂಗೈ ಹಿಡಿದರು.

“ಸರ್ಯಾಗಿ ನೆಪ್ಪೈತೇನಪ್ಪಾ?”

ಆಗ ಅನುಮಾನ ಬಂತು. ನಾನು ನೋಡಿದ್ದು ಬಾಣಾವರದ ರಸ್ತೆ ಇದ್ದರೂ ಇರಬಹುದು. “ನಿಲ್ಸಿ!” ಎಂದು ಕೂಗಿ ಇಳಿದೆ. ಪ್ಯಾಂಟು ಮಡಿಸಿ ನೀರಿಗೆ ಕಾಲಿಟ್ಟೆ. ಎರಡು ಹೆಜ್ಜೆ ಗಟ್ಟಿ ಡಾಂಬರು ಸಿಕ್ಕಿತು. ಮೂರನೆಯದಕ್ಕೆ ಮೊಣಕಾಲಿನವರೆಗೆ ಇಳಿದುಹೋದೆ.

“ಅಲ್ಲೇ ನಿಂತ್ಕಳಿ ಸಾರ್, ಅಳ್ಳಾಡ್ಬೇಡಿ,” ಎಂದ ನಂಜಪ್ಪ, ನನ್ನನ್ನು ಸುತ್ತುಹಾಕಿ ಕಾರು ದಾಟಿಸಿದ.